ವಾಹಿನಿಯ ಒಡೆಯ ಯಾರೆಂದು ಪರದೆಯ ಮೇಲೆ ಬರೆಸಿ: ಹಾಸನದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ಆಲೂರು ತಾಲ್ಲೂಕಿನಿಂದ ಬರೆಯುತ್ತಿದ್ದೇನೆ. ರಸ್ತೆ ಬೇಕು, ಟ್ರಾನ್ಸ್‌ಫಾರ್ಮರ್ ಬೇಕು ಎಂದು ಕೇಳುವ ಪತ್ರ ಇದಲ್ಲ. ಅವೂ ಬೇಕು, ಆದರೆ ಅವನ್ನು ಕೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಕೇಳುವುದು ಇಷ್ಟೆ: ಪ್ರತಿಯೊಂದು ಸುದ್ದಿ ವಾಹಿನಿಯೂ ತನ್ನ ಒಡೆಯ ಯಾರು, ಅವನಿಗೆ ಬೇರೆ ಏನೇನು ವ್ಯವಹಾರ ಇದೆ, ಅವನು ಯಾವ ಪಕ್ಷದಲ್ಲಿದ್ದಾನೆ ಎಂಬುದನ್ನು ಟಿವಿ ಪರದೆಯ ಮೇಲೆ, ಕನ್ನಡದಲ್ಲಿ, ದಿನಕ್ಕೊಮ್ಮೆಯಾದರೂ ತೋರಿಸಬೇಕು. ಹಾಗೆಂದು ಕಾನೂನು ಆಗಬೇಕು. ಅದಕ್ಕೆ ನೀವು ಲೋಕಸಭೆಯಲ್ಲಿ ಬಾಯಿ ಬಿಡಬೇಕು.

ನಾನು ಯಾರಿಗೆ ವೋಟು ಹಾಕಿದೆ ಎಂಬುದು ಈ ವಿಷಯಕ್ಕೆ ಸಂಬಂಧವಿಲ್ಲ. ಆಲೂರಿನಿಂದ ಹಿಡಿದು ಕಡೂರಿನವರೆಗೆ ನಿಮ್ಮ ಕ್ಷೇತ್ರದ ಪ್ರತಿ ಮನೆಯಲ್ಲೂ ರಾತ್ರಿ ಸುದ್ದಿ ಓಡುತ್ತದೆ. ಯಾರ ಸುದ್ದಿ ಎಂದು ಕೇಳಿದರೆ ಉತ್ತರ ಇಲ್ಲ.

ಪತ್ರಿಕೆಗಳಿಗೆ ಈ ನಿಯಮ ಮೊದಲಿನಿಂದಲೂ ಇತ್ತು. 1956ರ ನಿಯಮಗಳ ಪ್ರಕಾರ ಫೆಬ್ರವರಿ ಮುಗಿದ ಮೇಲೆ ಬರುವ ಮೊದಲ ಸಂಚಿಕೆಯಲ್ಲಿ ‘ನಮೂನೆ 4’ ಎಂದು ಒಂದು ಸಣ್ಣ ಪ್ರಕಟಣೆ ಹಾಕಬೇಕಿತ್ತು. ಮುದ್ರಕ, ಪ್ರಕಾಶಕ, ಸಂಪಾದಕ, ಒಡೆಯ, ಜೊತೆಗೆ ಬಂಡವಾಳದಲ್ಲಿ ಶೇಕಡಾ 1ಕ್ಕಿಂತ ಹೆಚ್ಚು ಪಾಲು ಇರುವವರ ಹೆಸರು, ವಿಳಾಸ ಎಲ್ಲ ಅದರಲ್ಲಿ ಇರುತ್ತಿತ್ತು. ನಮ್ಮ ತಂದೆ ಮಾರ್ಚ್ ತಿಂಗಳಲ್ಲಿ ಅದನ್ನು ಹುಡುಕಿ ಓದುತ್ತಿದ್ದರು. ಯಾರ ಕೈಯಿಂದ ಸುದ್ದಿ ತಗೊಳ್ತಾ ಇದ್ದೀವಿ ಅಂತ ತಿಳಿದಿರಬೇಕು ಎನ್ನುತ್ತಿದ್ದರು. ಟಿವಿ ನೋಡುವವನಿಗೆ ಅಷ್ಟು ಮರ್ಯಾದೆಯನ್ನೂ ಯಾರೂ ಕೊಟ್ಟಿಲ್ಲ. ನಮ್ಮ ಜಿಲ್ಲೆಯ ಅಂಗಡಿಯಲ್ಲಿ ಕಾಫಿ ಪುಡಿ ಕೊಂಡರೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಶೇಕಡಾ ಎಷ್ಟು ಎಂದು ಪೊಟ್ಟಣದ ಮೇಲೆ ಅಚ್ಚಾಗಿರಲೇಬೇಕು. ಸುದ್ದಿಗೆ ಬೆರೆಸಿದ್ದು ಏನು ಎಂದು ಹೇಳುವವರಿಲ್ಲ.

ಇದನ್ನು ಬರೆಯಲೇಬೇಕು ಅನ್ನಿಸಿದ್ದು ನಮ್ಮೂರಿನಲ್ಲಿ ನಡೆದ ಸಂಗತಿಯಿಂದ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ನಮ್ಮ ತೋಟದ ಆಚೆ ಗುಡ್ಡದಲ್ಲಿ ಕಲ್ಲು ಕ್ವಾರಿ, ಅದರ ಪಕ್ಕ ಜಲ್ಲಿ ಕ್ರಷರ್ ಶುರುವಾಗಿ ವರ್ಷಗಳಾದವು. ಮಧ್ಯಾಹ್ನ ಊಟಕ್ಕೆ ಕೂತಾಗ ಸಿಡಿಮದ್ದು ಸಿಡಿದರೆ ಅಡುಗೆಮನೆಯ ನಾಗಂದಿಗೆಯ ಮೇಲಿನ ಪಾತ್ರೆಗಳು ಗಲಗಲ ಅಲುಗಾಡುತ್ತವೆ. ಮೊದಲು ಕೊಟ್ಟಿಗೆ ಗೋಡೆ ಬಿರುಕು ಬಿಟ್ಟಿತು, ಆಮೇಲೆ ಮನೆಯದು. ಕೊಳವೆಬಾವಿಯ ನೀರು ಕೆಂಪಗೆ ರಾಡಿ ಬರುತ್ತದೆ. ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಬೂದಿ ಬಳಿದ ಹಾಗೆ ಕಾಣುತ್ತದೆ. ಎಲೆ ಸವರಿದರೆ ಬೆರಳಿಗೆ ಹಿಟ್ಟಿನಂಥ ಧೂಳು. ಅರ್ಜಿ ಕೊಟ್ಟೆವು. ಕೊಡುತ್ತಲೇ ಇದ್ದೆವು.

ಒಂದು ದಿನ ಒಂಟಿಯಾಗಿರುವ ನಮ್ಮ ನೆರೆಮನೆಯ ಅಜ್ಜಿಯ ಹೆಂಚು ಒಡೆದುಕೊಂಡು ಮುಷ್ಟಿಗಾತ್ರದ ಕಲ್ಲೊಂದು ಒಳಗೆ ಬಿತ್ತು. ಹಾಸಿಗೆಯ ಮೇಲೇ ಬಿತ್ತು. ಅಜ್ಜಿ ಹಿತ್ತಲಲ್ಲಿದ್ದದ್ದಕ್ಕೆ ಬದುಕಿತು. ಮಾರನೆಯ ದಿನ ಊರಿನವರೆಲ್ಲ ತಾಲ್ಲೂಕು ಕಚೇರಿ ಮುಂದೆ ಕೂತೆವು. ಒಂದು ಕನ್ನಡ ಸುದ್ದಿ ವಾಹಿನಿಯವರು ಬಂದರು. ನಮಗೆ ಎಷ್ಟು ಖುಷಿ! ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಆ ಕಲ್ಲನ್ನು ತೆಗೆದು ತೋರಿಸಿತು. ‘ಇನ್ನೊಂದು ಸಲ ಎತ್ತಿ ಹಿಡೀರಿ ಅಜ್ಜಿ, ಮುಖದ ಹತ್ತಿರ’ ಎಂದರು. ಹಿಡಿಯಿತು. ನಡುಗುವ ಕೈಯಲ್ಲಿ ಅವರು ಸಾಕು ಎನ್ನುವವರೆಗೂ ಹಿಡಿದುಕೊಂಡೇ ಇತ್ತು.

ಸಂಜೆ ಟಿವಿಯಲ್ಲಿ ಅದೇ ಅಜ್ಜಿ, ಅದೇ ಕಲ್ಲು. ಕೆಳಗೆ ಓಡಿದ ಅಕ್ಷರ: ‘ಅಭಿವೃದ್ಧಿಗೆ ಅಡ್ಡಗಾಲು, ದುಡ್ಡಿಗಾಗಿ ಪ್ರತಿಭಟನೆ’. ಮುದುಕಿಯರನ್ನು 500 ರೂಪಾಯಿ ಕೊಟ್ಟು ಕರೆತಂದಿದ್ದಾರೆ ಎಂದು ಒಂದು ಧ್ವನಿ ಹೇಳಿತು. ಅಜ್ಜಿ ಆಡಿದ ಮಾತಿನಲ್ಲಿ ಒಂದಕ್ಷರವೂ ಬರಲಿಲ್ಲ. ಆ ಕಲ್ಲು ಅಧಿಕಾರಿಗಳ ಮೇಲೆ ಎಸೆಯಲು ತಂದದ್ದು ಎಂಬ ಹಾಗೆ ತೋರಿಸಿದರು. ಸಂಸದರೇ, ಆ ಹೆಂಗಸಿಗೆ ಎಂಬತ್ತು ದಾಟಿದೆ. ಮೊಮ್ಮಗಳ ಗಂಡನ ಮನೆಯಿಂದ ಅದೇ ರಾತ್ರಿ ಫೋನು ಬಂತು, ದುಡ್ಡು ತಗೊಂಡು ಬೀದೀಲಿ ಕೂತಿದ್ರಂತಲ್ಲ ಎಂದು. ಅವತ್ತಿನಿಂದ ಅಜ್ಜಿ ಊರ ದೇವರ ಜಾತ್ರೆಗೂ ಬರುವುದಿಲ್ಲ. ಮನೆಯ ಬಿರುಕಿಗೆ ಸಿಮೆಂಟ್ ಮೆತ್ತಬಹುದು, ಇದಕ್ಕೆ ಏನು ಮಾಡಬೇಕು ನೀವೇ ಹೇಳಿ.

ಆಮೇಲೆ ಪೇಟೆಯಲ್ಲಿ ಒಂದು ಮಾತು ಕಿವಿಗೆ ಬಿತ್ತು: ಆ ವಾಹಿನಿಯಲ್ಲಿ ಕ್ರಷರ್‌ನವರ ಕಡೆಯವರದೇ ಪಾಲಿದೆಯಂತೆ. ನಿಜವೋ ಸುಳ್ಳೋ ನೋಡೋಣ ಎಂದು ಹೊರಟೆ. ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಜಾಲತಾಣದಲ್ಲಿ ಅನುಮತಿ ಪಡೆದ ವಾಹಿನಿಗಳ ಪಟ್ಟಿ ಇದೆ, ಇಂಗ್ಲಿಷಿನಲ್ಲಿ. ಅಲ್ಲಿ ಒಂದು ಕಂಪನಿಯ ಹೆಸರು ಸಿಕ್ಕಿತು. ಆ ಕಂಪನಿಯ ಪಾಲುದಾರರು ಯಾರು ಎಂದು ನೋಡಲು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣಕ್ಕೆ ಹೋಗಿ ಶುಲ್ಕ ಕಟ್ಟಬೇಕು. ಕಟ್ಟಿದೆ. ಪಾಲುದಾರ ಇನ್ನೊಂದು ಕಂಪನಿ. ಅದರ ಹಿಂದೆ ಮತ್ತೊಂದು. ಮನುಷ್ಯನ ಹೆಸರು ಸಿಗುವ ಮೊದಲೇ ನನ್ನ ಬುದ್ಧಿ, ದುಡ್ಡು ಎರಡೂ ಮುಗಿದವು. ಆ ಪೇಟೆ ಮಾತು ನಿಜವೇ ಎಂದು ನನಗೆ ಇವತ್ತಿಗೂ ತಿಳಿಯದು. ಸುಳ್ಳಾಗಿದ್ದರೆ ಅದು ಆ ವಾಹಿನಿಗೂ ಅನ್ಯಾಯವೇ. ಪರದೆಯ ಮೇಲೆ ಹೆಸರು ಬರೆದಿದ್ದರೆ ಈ ಗುಸುಗುಸುವೇ ಇರುತ್ತಿರಲಿಲ್ಲ.

ದೂರು ಕೊಡಲಿಲ್ಲವೇ ಎಂದು ನೀವು ಕೇಳಬಹುದು. 2021ರ ಕೇಬಲ್ ಟೆಲಿವಿಷನ್ ಜಾಲಗಳ ತಿದ್ದುಪಡಿ ನಿಯಮಗಳ ಪ್ರಕಾರ ವಾಹಿನಿ 15 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು, ನಿಮಗೆ ಗೊತ್ತೇ ಇದೆ. ಕೊಟ್ಟೆ. ಉತ್ತರ ಬರಲಿಲ್ಲ. ಅದರ ಮೇಲೆ ಮೇಲ್ಮನವಿಗೆ ಹೋಗಬೇಕಾದ್ದು ವಾಹಿನಿಗಳೇ ಸೇರಿ ಕಟ್ಟಿಕೊಂಡ ಸಂಸ್ಥೆಗೆ. ಪತ್ರಿಕಾ ಮಂಡಳಿಗೆ ಬರೆಯೋಣ ಎಂದರೆ 1978ರ ಕಾಯ್ದೆಯ ಆ ಮಂಡಳಿಗೆ ಟಿವಿಯ ಮೇಲೆ ಅಧಿಕಾರವೇ ಇಲ್ಲ. ಪತ್ರಿಕೆಗಳ ಮೇಲೂ ಎಚ್ಚರಿಕೆ, ಛೀಮಾರಿ ಬಿಟ್ಟರೆ ಬೇರೇನೂ ಮಾಡಲಾಗದು.

ನಾನು ಹೊಸದೇನನ್ನೂ ಕೇಳುತ್ತಿಲ್ಲ. ಮಾಧ್ಯಮದ ಒಡೆತನದ ಬಗ್ಗೆ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, 2014ರ ಆಗಸ್ಟ್ 12ರಂದೇ ಶಿಫಾರಸು ಕೊಟ್ಟಿದೆ. ರಾಜಕೀಯ ಪಕ್ಷಗಳು, ಧಾರ್ಮಿಕ ಸಂಸ್ಥೆಗಳು, ಸರ್ಕಾರಗಳು ಪ್ರಸಾರ ಕ್ಷೇತ್ರಕ್ಕೆ ಬರಬಾರದು, ದೊಡ್ಡ ಉದ್ಯಮಿಗಳು ಮಾಧ್ಯಮಕ್ಕೆ ಬರುವುದಕ್ಕೆ ಮಿತಿ ಹಾಕುವುದನ್ನು ಗಂಭೀರವಾಗಿ ಯೋಚಿಸಬೇಕು, ಒಡೆತನದ ವಿವರ ಬಹಿರಂಗವಾಗಬೇಕು ಎಂದು ಅದರಲ್ಲಿದೆ. ಅದಕ್ಕೂ ಮೊದಲು, 2013ರ ಮೇ ತಿಂಗಳಲ್ಲಿ, ಕಾಸಿಗಾಗಿ ಸುದ್ದಿಯ ಬಗ್ಗೆ ಸಂಸತ್ತಿನ ಸ್ಥಾಯಿ ಸಮಿತಿಯೇ ವರದಿ ಕೊಟ್ಟಿತ್ತು. ಎಲ್ಲ ಕಪಾಟಿನಲ್ಲಿ ಮಲಗಿವೆ. ಟ್ರಾಯ್ ಶಿಫಾರಸು ಬಂದ ಅದೇ ವರ್ಷ ಸುದ್ದಿ ವಾಹಿನಿಗಳ ಸಮೂಹವಾದ ನೆಟ್‌ವರ್ಕ್18 ರಿಲಯನ್ಸ್ ಕೈ ಸೇರಿತು. 2022ರ ಡಿಸೆಂಬರ್‌ನಲ್ಲಿ ಎನ್‌ಡಿಟಿವಿ ಅದಾನಿಯವರದಾಯಿತು. ಈ ಎರಡು ಹೆಸರು ದೊಡ್ಡವು, ಅದಕ್ಕೆ ದೇಶಕ್ಕೆಲ್ಲ ಗೊತ್ತಾಯಿತು. ಆಲೂರಿನ ಕ್ರಷರ್ ಸುದ್ದಿ ಬಿತ್ತರಿಸುವ ವಾಹಿನಿ ಯಾರದು ಎಂದು ಯಾರು ಹೇಳಬೇಕು?

ಎಲ್ಲ ಪಕ್ಷದವರೂ ಇದರಲ್ಲಿ ಇದ್ದಾರೆ, ಆದ್ದರಿಂದಲೇ ಯಾರೂ ಬಾಯಿ ಬಿಡುವುದಿಲ್ಲ ಎಂಬುದು ನನ್ನ ಅನುಮಾನ. ತಮಿಳುನಾಡಿನ ಸನ್ ಟಿವಿ ಡಿಎಂಕೆ ನಂಟಿನ ಮಾರನ್ ಕುಟುಂಬದ್ದು, ಆಂಧ್ರದ ಸಾಕ್ಷಿ ವೈಎಸ್ಆರ್ ಕಾಂಗ್ರೆಸ್ಸಿನ ಜಗನ್ ಕುಟುಂಬದ್ದು. ಕೇರಳದಲ್ಲಿ ಸಿಪಿಎಂ ಬೆಂಬಲದ ಕೈರಳಿ ಇದೆ, ಕಾಂಗ್ರೆಸ್ಸಿನವರ ಜೈಹಿಂದ್ ಇದೆ. ನಮ್ಮಲ್ಲಿ ಸುವರ್ಣ ನ್ಯೂಸ್ ಹಿಂದೆ ಬಿಜೆಪಿಯ ರಾಜೀವ್ ಚಂದ್ರಶೇಖರ್ ಅವರ ಕಂಪನಿ. 2007ರಲ್ಲಿ ಕಸ್ತೂರಿ ಶುರುವಾದಾಗ ಅದು ಕುಮಾರಸ್ವಾಮಿಯವರ ಮನೆಯದು ಎಂದು ಹಾಸನ ಜಿಲ್ಲೆಯ ಮಕ್ಕಳಿಗೂ ಗೊತ್ತಿತ್ತು. ನೋಡಿ, ಗೊತ್ತಿತ್ತು. ಗೊತ್ತಿದ್ದರಿಂದ ಅದರ ಸುದ್ದಿಯನ್ನು ಎಷ್ಟು ನಂಬಬೇಕೋ ಅಷ್ಟು ನಂಬಿ ನೋಡಿದೆವು. ಒಡೆಯನಿಗೆ ಪಕ್ಷ ಇರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಮುಚ್ಚಿಡುವುದು ತಪ್ಪು.

ನಮ್ಮ ಕಡೆಯ ವರದಿಗಾರರ ಮೇಲೆ ನನಗೆ ಸಿಟ್ಟಿಲ್ಲ ಎಂಬುದನ್ನೂ ಹೇಳಬೇಕು. ಅವರಲ್ಲಿ ಬಹಳ ಜನಕ್ಕೆ ಸರಿಯಾದ ಸಂಬಳವೇ ಇಲ್ಲ, ಬೈಕಿಗೆ ಪೆಟ್ರೋಲು ಅವರದೇ ದುಡ್ಡು. ಕಾಡಾನೆ ತುಳಿದ ಗದ್ದೆಗೆ ಬೆಳಗಿನ ಜಾವ ಓಡಿ ಬರುವವರೂ ಅವರೇ. ಅವರು ಕಳಿಸಿದ್ದು ಬೆಂಗಳೂರಿನಲ್ಲಿ ಯಾರ ಮೇಜಿನ ಮೇಲೆ, ಯಾರಿಗಾಗಿ ಬದಲಾಗುತ್ತದೆ ಎಂಬುದು ನನ್ನ ಪ್ರಶ್ನೆ.

ಆದ್ದರಿಂದ ಮತ್ತೆ ಕೇಳುತ್ತೇನೆ. ಒಡೆಯನ ಹೆಸರು ಪರದೆಯ ಮೇಲೆ ಬರಬೇಕು. ಕಂಪನಿಯ ಹೆಸರಲ್ಲ, ಮನುಷ್ಯನ ಹೆಸರು. ಅವನ ಕ್ವಾರಿ, ಕಾಲೇಜು, ಆಸ್ಪತ್ರೆ, ಗುತ್ತಿಗೆ, ಪಕ್ಷ ಎಲ್ಲವೂ. ತನ್ನ ಒಡೆಯನ ವ್ಯವಹಾರದ ಸುದ್ದಿ ಹಾಕುವಾಗ ವಾಹಿನಿ ಅದನ್ನು ಹೇಳಿಯೇ ಹಾಕಬೇಕು.

ದಾರಿ ನಿಮಗೆ ಗೊತ್ತಿರುವುದೇ. ಪ್ರಶ್ನೆಗೆ 15 ದಿನ ಮೊದಲು ಸೂಚನೆ ಕೊಟ್ಟು, ಅದು ಅಂಗೀಕಾರವಾದರೆ ಸಚಿವರು ಉತ್ತರಿಸಲೇಬೇಕು: 2014ರ ಶಿಫಾರಸು ಎಲ್ಲಿಗೆ ಬಂತು, ಒಪ್ಪಿದ್ದೀರೋ ಇಲ್ಲವೋ, ಇಲ್ಲವಾದರೆ ಯಾಕೆ? ಉತ್ತರ ಹಾರಿಕೆಯದಾದರೆ ಸಚಿವರಲ್ಲದ ಸಂಸದರೂ ಮಂಡಿಸಬಹುದಾದ ಶುಕ್ರವಾರದ ಖಾಸಗಿ ಮಸೂದೆ ಇದೆ. ಅದು ಪಾಸಾಗುವುದಿಲ್ಲ ಎಂದು ನನಗೂ ಗೊತ್ತು. ಮಂಡಿಸಿ. ಯಾವ ಪಕ್ಷದವರು ಎದ್ದು ಬೇಡ ಎನ್ನುತ್ತಾರೆ ಎಂಬುದನ್ನಾದರೂ ನಾವು ನೋಡುತ್ತೇವೆ.

ಮುಂದಿನ ಅಧಿವೇಶನದಲ್ಲೇ ಈ ಪ್ರಶ್ನೆ ಕೇಳಿ. ಸಚಿವರು ಕೊಟ್ಟ ಉತ್ತರದ ಕನ್ನಡ ಪ್ರತಿಯನ್ನು ಆಲೂರು ತಾಲ್ಲೂಕು ಕಚೇರಿಯ ಸೂಚನಾ ಫಲಕಕ್ಕೆ ಹಾಕಿಸಿ. ಅಜ್ಜಿಗೆ ನಾನೇ ಓದಿ ಹೇಳುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಕಾಫಿ ಬೆಳೆಗಾರ
ಆಲೂರು ತಾಲ್ಲೂಕು, ಹಾಸನ ಜಿಲ್ಲೆ