ಗೋವಿನಜೋಳದಿಂದ ಮೀನೆಣ್ಣೆ: ಹಾವೇರಿ-ಗದಗ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರಗಳು.

ಕಡಲಿಲ್ಲದ ಕ್ಷೇತ್ರದ ಮತದಾರನೊಬ್ಬ ನಾರ್ವೆಯ ಸಾಲ್ಮನ್ ಮೀನಿನ ಮೇವಿನ ಬಗ್ಗೆ ತಮಗೆ ಪತ್ರ ಬರೆಯುವುದು ವಿಚಿತ್ರವೆನಿಸಬಹುದು. ಆದರೆ ಆ ಮೇವಿಗೆ ಬೇಕಾದ ಎಣ್ಣೆಯನ್ನು ಅಮೆರಿಕದಲ್ಲಿ ಈಗ ಗೋವಿನಜೋಳದ ಸಕ್ಕರೆಯಿಂದ ತಯಾರಿಸುತ್ತಿದ್ದಾರೆ. ಗೋವಿನಜೋಳ ನಮ್ಮ ಹಾವೇರಿ ಜಿಲ್ಲೆಯ ಮುಖ್ಯ ಬೆಳೆಯಾಗಿರುವುದರಿಂದ ಈ ವಿಷಯ ತಮ್ಮ ಗಮನಕ್ಕೆ ಬರಲೇಬೇಕೆಂದು ನನಗೆ ತೋರಿತು.

ನಾರ್ವೆ, ಚಿಲಿ, ಸ್ಕಾಟ್ಲೆಂಡ್‌ಗಳಲ್ಲಿ ಸಮುದ್ರದೊಳಗೆ ಬಲೆಯ ಪಂಜರ ಕಟ್ಟಿ ಸಾಕುವ ಸಾಲ್ಮನ್‌ಗೆ ಬೆಲೆ ಬರುವುದಕ್ಕೆ ಇಪಿಎ, ಡಿಎಚ್‌ಎ ಎಂಬ ಒಮೇಗಾ-3 ಕೊಬ್ಬು ಒಂದು ದೊಡ್ಡ ಕಾರಣ. ಈ ಕೊಬ್ಬಿನ ಮೂಲ ಕಡಲಿನ ಸೂಕ್ಷ್ಮ ಪಾಚಿ. ಅದನ್ನು ತಿಂದ ಸಣ್ಣ ಜೀವಿಗಳಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ ಅದು ಸಾಗುತ್ತದೆ. ಆದ್ದರಿಂದಲೇ ಸಾಕಣೆದಾರರು ಪೆರು ದೇಶದ ಆಂಚೊವೆಟಾದಂತಹ ಸಣ್ಣ ಮೀನುಗಳ ಎಣ್ಣೆಯನ್ನು ದಶಕಗಳಿಂದ ಮೇವಿಗೆ ಬೆರೆಸುತ್ತ ಬಂದಿದ್ದಾರೆ. ಜಗತ್ತಿನ ಮೀನೆಣ್ಣೆಯ ಉತ್ಪಾದನೆ ವರ್ಷಕ್ಕೆ 10 ಲಕ್ಷ ಟನ್ನಿನ ಆಸುಪಾಸಿನಲ್ಲೇ ನಿಂತಿದ್ದು, ಸಾಕಣೆ ಮಾತ್ರ ಬೆಳೆಯುತ್ತಲೇ ಇದೆ. ಕೊರತೆ ತುಂಬಲು ಮೇವಿನಲ್ಲಿ ಸಸ್ಯದ ಎಣ್ಣೆಯನ್ನು ಹೆಚ್ಚಿಸಿದ ಪರಿಣಾಮವಾಗಿ, ಸ್ಕಾಟ್ಲೆಂಡಿನ ಸಾಕಣೆ ಸಾಲ್ಮನ್‌ನಲ್ಲಿ ಈ ಎರಡು ಕೊಬ್ಬುಗಳ ಪ್ರಮಾಣ 2006ರಿಂದ 2015ರ ನಡುವೆ ಸುಮಾರು ಅರ್ಧಕ್ಕೆ ಇಳಿಯಿತು. 2023ರಲ್ಲಿ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ವಿದ್ಯಮಾನ) ಕಾರಣದಿಂದ ಪೆರು ತನ್ನ ಮುಖ್ಯ ಮೀನುಗಾರಿಕಾ ವಲಯದಲ್ಲಿ ವರ್ಷದ ಮೊದಲ ಹಂಗಾಮನ್ನೇ ರದ್ದುಮಾಡಿದಾಗ ಮೀನೆಣ್ಣೆಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ನಮ್ಮ ಕರಾವಳಿಯಲ್ಲೂ ಬಡವರ ಊಟಕ್ಕೆ ಒದಗಬೇಕಾದ ಬೂತಾಯಿ ಮೀನು ಹಿಟ್ಟು ಮತ್ತು ಎಣ್ಣೆಯ ಕಾರ್ಖಾನೆಗಳ ಪಾಲಾಗುತ್ತಿರುವುದು ತಮಗೆ ತಿಳಿಯದ ಸಂಗತಿಯಲ್ಲ.

ಇದಕ್ಕೆ ಪರ್ಯಾಯವಾಗಿ ಬಂದಿರುವುದು, ನಡುವಿನ ಮೀನನ್ನು ಬಿಟ್ಟು ನೇರವಾಗಿ ಪಾಚಿಯಿಂದಲೇ ಎಣ್ಣೆ ತೆಗೆಯುವ ವಿಧಾನ. ಸ್ಕಿಜೋಕೈಟ್ರಿಯಂ ಎಂಬ ಸೂಕ್ಷ್ಮಜೀವಿಗೆ (ಶಾಸ್ತ್ರದ ಲೆಕ್ಕದಲ್ಲಿ ಅದು ಪಾಚಿಯಲ್ಲ, ಪಾಚಿಯ ದೂರದ ನೆಂಟ; ವ್ಯಾಪಾರದಲ್ಲಿ ಎಲ್ಲರೂ ಪಾಚಿಯೆಂದೇ ಕರೆಯುತ್ತಾರೆ) ಬಿಸಿಲೂ ಬೇಡ, ಕಡಲೂ ಬೇಡ. ಮುಚ್ಚಿದ ಉಕ್ಕಿನ ಟ್ಯಾಂಕಿನಲ್ಲಿ ಸಕ್ಕರೆ, ಸಾರಜನಕ ಮತ್ತು ಗಾಳಿ ಕೊಟ್ಟು ಬೆಳೆಸಿ, ಸಾರಜನಕವನ್ನು ಮಾತ್ರ ತಡೆದಾಗ ಅದು ಸಿಕ್ಕ ಸಕ್ಕರೆಯನ್ನೆಲ್ಲ ಕೊಬ್ಬಾಗಿಸಿ ಕೂಡಿಡುತ್ತದೆ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಬ್ಲೇರ್ ಪಟ್ಟಣದಲ್ಲಿ 2019ರಲ್ಲಿ ಆರಂಭವಾದ ವೆರಮಾರಿಸ್ ಕಾರ್ಖಾನೆ ಗೋವಿನಜೋಳದಿಂದ ಬಂದ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ಬಳಸಿ ಈ ಎಣ್ಣೆ ತಯಾರಿಸುತ್ತದೆ. ಅದರಲ್ಲಿ ಇಪಿಎ ಮತ್ತು ಡಿಎಚ್‌ಎ ಸೇರಿ ಅರ್ಧಕ್ಕಿಂತ ಹೆಚ್ಚಿನ ಪಾಲು ಇರುತ್ತದೆ. ಬ್ರೆಜಿಲ್‌ನಲ್ಲಿ ಇಂಥದೇ ಕೆಲಸಕ್ಕೆ ಕಬ್ಬಿನ ಸಕ್ಕರೆಯನ್ನು ಬಳಸುತ್ತಾರೆ.

ಸಂಸದರೇ, ಈ ಎರಡೂ ಕಚ್ಚಾವಸ್ತುಗಳು ನಮ್ಮಲ್ಲಿವೆ. ರಾಣೇಬೆನ್ನೂರು, ಹಿರೇಕೆರೂರು, ಶಿಗ್ಗಾಂವಿ ತಾಲ್ಲೂಕುಗಳ ಗೋವಿನಜೋಳ, ಸಂಗೂರಿನ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬು, ಗೋವಿನಜೋಳದಿಂದ ಪಿಷ್ಟ ತೆಗೆಯುವ ಉದ್ಯಮ, ಇವೆಲ್ಲ ಹೊಸದಾಗಿ ಕಟ್ಟಬೇಕಾದವಲ್ಲ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೋವಿನಜೋಳಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರೂ ಪೇಟೆಯಲ್ಲಿ ಆ ಬೆಲೆ ಸಿಗದೆ, ಖರೀದಿ ಕೇಂದ್ರ ತೆರೆಯಿರೆಂದು ರೈತರು ರಸ್ತೆಗಿಳಿದದ್ದನ್ನು ತಾವೇ ಕಂಡಿದ್ದೀರಿ. ಗೋವಿನಜೋಳಕ್ಕೆ ಕೋಳಿ ಆಹಾರ ಮತ್ತು ಎಥೆನಾಲ್ ಎರಡೇ ದೊಡ್ಡ ಗಿರಾಕಿಗಳಾಗಿ ಉಳಿದಷ್ಟು ಕಾಲ ಈ ಪಾಡು ತಪ್ಪುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಹಾಗೆಂದು ಪಾಚಿಯ ಎಣ್ಣೆ ಲಕ್ಷಾಂತರ ಟನ್ ಗೋವಿನಜೋಳವನ್ನು ಕೂಡಲೇ ನುಂಗಿಬಿಡುತ್ತದೆಂದು ನಾನು ಹೇಳುತ್ತಿಲ್ಲ. ಟ್ಯಾಂಕುಗಳಿಗೆ ಹಗಲು ರಾತ್ರಿ ಗಾಳಿ ಊದಲು ವಿದ್ಯುತ್ ಬಹಳ ಬೇಕು, ಬಂಡವಾಳ ದೊಡ್ಡದು, ಮೀನೆಣ್ಣೆ ಅಗ್ಗವಾದ ವರ್ಷ ಲಾಭ ಕರಗುತ್ತದೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಇದನ್ನು ನಮ್ಮ ಕೆರೆಗಳ ಮೀನು ಸಾಕಣೆಗೆ ಸಹಾಯಧನದ ಯೋಜನೆಯನ್ನಾಗಿ ಮಾಡಬೇಡಿ. ಕಾಟ್ಲಾ, ರೋಹು, ಮೃಗಾಲ್‌ಗಳಿಗೆ ಶೇಂಗಾ ಹಿಂಡಿ, ಅಕ್ಕಿ ತೌಡು ಸಾಕು; ಸಿಹಿನೀರಿನ ಈ ಮೀನುಗಳು ಸಸ್ಯದ ಕೊಬ್ಬಿನಿಂದ ತಮಗೆ ಬೇಕಾದಷ್ಟನ್ನು ಬಹುಮಟ್ಟಿಗೆ ತಾವೇ ಮಾಡಿಕೊಳ್ಳುತ್ತವೆ. ಪಾಚಿ ಎಂದೊಡನೆ ಮಹಿಳಾ ಸಂಘಗಳಿಗೆ ಸ್ಪಿರುಲಿನಾ ತೊಟ್ಟಿ ಹಂಚುವ ಉತ್ಸಾಹವೂ ಬೇಡ. ಸ್ಪಿರುಲಿನಾದಲ್ಲಿ ಈ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಪಾಚಿಯ ಎಣ್ಣೆಗೆ ಗಿರಾಕಿಗಳು ಬೇರೆ: ವಿದೇಶದ ಸಾಲ್ಮನ್ ಮೇವಿನ ಕಂಪನಿಗಳು, ಆಂಧ್ರದ ಸಿಗಡಿ ಮೇವಿನ ತಯಾರಕರು, ಶಿಶು ಆಹಾರ ಮಾಡುವವರು, ಮೀನೆಣ್ಣೆಯ ಮಾತ್ರೆ ಮುಟ್ಟದ ಸಸ್ಯಾಹಾರಿಗಳು.

ಆದ್ದರಿಂದ ನಾನು ಕೇಳುವುದು ಕಾರ್ಖಾನೆಯನ್ನಲ್ಲ, ಅದಕ್ಕೂ ಮೊದಲಿನ ಒಂದು ಪ್ರಾಯೋಗಿಕ ಘಟಕವನ್ನು. ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದ ಬಯೋಇ3 ನೀತಿ ಇಂತಹ ಜೈವಿಕ ಉತ್ಪಾದನೆಗೆಂದೇ ಇದೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ, ಹುಬ್ಬಳ್ಳಿಯಲ್ಲಿ ಜೈವಿಕ ತಂತ್ರಜ್ಞಾನ ಕಲಿಸುವ ಎಂಜಿನಿಯರಿಂಗ್ ವಿಭಾಗಗಳಿವೆ. ಈ ಸಂಸ್ಥೆಗಳನ್ನು ಒಂದೆಡೆ ಕೂಡಿಸಿ, ನಮ್ಮ ಗೋವಿನಜೋಳದ ಡೆಕ್ಸ್‌ಟ್ರೋಸ್‌ನಿಂದ ಒಂದು ಕಿಲೋ ಎಣ್ಣೆಗೆ ನಿಜವಾಗಿ ಎಷ್ಟು ಖರ್ಚು ಬೀಳುತ್ತದೆಂಬುದನ್ನು ಲೆಕ್ಕ ಹಾಕಿಸಿ, ಆ ಲೆಕ್ಕವನ್ನು ಕನ್ನಡದಲ್ಲಿ ರೈತರ ಮುಂದಿಡಿಸಿ. ಲೆಕ್ಕ ಗಿಟ್ಟದಿದ್ದರೆ ಅದನ್ನೂ ಹಾಗೆಯೇ ಹೇಳಿಸಿ. ಅಷ್ಟರಲ್ಲಿ ಯಾವ ಉದ್ಯಮಿಗೂ ಜಮೀನು ಮಂಜೂರು ಮಾಡಿಸಬೇಡಿ.

ಘಟಕ ಬರುವುದಾದರೆ ಒಂದು ಷರತ್ತು. ಹುದುಗಿಸಿದ ಟ್ಯಾಂಕಿನಿಂದ ಹೊರಬರುವ ನೀರಿನಲ್ಲಿ ಸಾವಯವ ತ್ಯಾಜ್ಯ ಹೇರಳವಾಗಿದ್ದು, ಅದು ಹಾಗೆಯೇ ನದಿ ಸೇರಿದರೆ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ. 1980ರ ದಶಕದಲ್ಲಿ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆಯಲ್ಲಿ ಮೀನು ಸತ್ತು ತೇಲಿದ್ದಕ್ಕೆ ಈ ದಂಡೆಯ ಹಳ್ಳಿಗಳು ವರ್ಷಗಟ್ಟಲೆ ಹೋರಾಡಿವೆ. ನೀರು ಶುದ್ಧೀಕರಿಸುವ ವೆಚ್ಚವನ್ನು ಯೋಜನೆಯ ಮೊದಲ ಅಂದಾಜಿನಲ್ಲೇ ಸೇರಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ರಾಣೇಬೆನ್ನೂರು ತಾಲ್ಲೂಕಿನ ಒಬ್ಬ ಮತದಾರ