ರೈಲು ಲೇಟಾದರೆ ಲಂಡನ್ನಿನವರಿಗೆ ಏನು ಹೇಳುವುದು?

ಪ್ರೀತಿಯ ಗಣೇಶ,

ನಿನ್ನ ಮೆಸೇಜು ಓದಿದೆ. ಊರಿಂದ ಬರುವಾಗ ಘಾಟಿಯಲ್ಲಿ ರೈಲು ನಿಂತಿತು, ಲಂಡನ್ನಿನ ಮ್ಯಾನೇಜರ್ ಹತ್ತಿರ ಮೀಟಿಂಗು ಮುಂದೆ ಹಾಕಿ ಅಂತ ಕೇಳಲು ಇಂಗ್ಲಿಷ್ ಬಾಯಿಗೇ ಬರಲಿಲ್ಲ ಅಂದಿದ್ದೀಯ. ಗ್ರಾಮರ್ ಕ್ಲಾಸಿಗೆ ಸೇರಲಾ ಅಂತ ಬೇರೆ ಕೇಳಿದ್ದೀಯ. ಬೇಡ ಮಾರಾಯ. ಈ ಕೆಲಸಕ್ಕೆ ನಾಲ್ಕೈದು ವಾಕ್ಯ ನಾಲಿಗೆ ಮೇಲಿದ್ದರೆ ಸಾಕು.

ನಾವು ಊರಿನವರು ಕತೆ ಶುರು ಮಾಡುವುದೇ ಮಳೆಯಿಂದ. ಆಮೇಲೆ ಗುಡ್ಡ ಜರಿದದ್ದು, ಸ್ಟೇಷನ್ ಮಾಸ್ಟರು ಹೇಳಿದ್ದು, ಎಲ್ಲ ಮುಗಿದ ಮೇಲೆ ‘ಹಾಗಾಗಿ ಲೇಟಾಗ್ತದೆ’. ಫೋನಿನ ಆ ಕಡೆ ಇರುವವರಿಗೆ ಬೇಕಾದದ್ದು ಆ ಕೊನೆಯ ಮಾತು. ಅದನ್ನೇ ಮೊದಲು ಹೇಳು: ‘ಐ ಆ್ಯಮ್ ರನ್ನಿಂಗ್ ಲೇಟ್. ಐ ವಿಲ್ ಬಿ ದೇರ್ ಬೈ ಟ್ವೆಲ್ವ್.’ ಕಾರಣಕ್ಕೆ ಒಂದೇ ಸಾಲು: ‘ಮೈ ಟ್ರೇನ್ ಈಸ್ ಸ್ಟಕ್.’ ಸಾರಿ ಒಂದು ಸಲ ಸಾಕು.

ಕೆಲವೊಮ್ಮೆ ಟೈಮು ಹೇಳಲಿಕ್ಕೇ ಆಗುವುದಿಲ್ಲ. 2024ರ ಜುಲೈ ಕೊನೆಗೆ ಘಾಟಿಯ ಎಡಕುಮೇರಿ, ಕಡಗರವಳ್ಳಿ ಸ್ಟೇಷನ್ನುಗಳ ನಡುವೆ ಮಣ್ಣು ಕುಸಿದು ದಿನಗಟ್ಟಲೆ ರೈಲೇ ಇರಲಿಲ್ಲವಲ್ಲ, ಹಾಗೆ. ಆಗ ಬಾಯಿಗೆ ಬಂದ ಟೈಮು ಕೊಡಬೇಡ. ‘ಐ ಡೋಂಟ್ ನೋ ಯೆಟ್. ಐ ವಿಲ್ ಕಾಲ್ ಯು ಅಟ್ ಟೆನ್’ ಅನ್ನು. ಹತ್ತಕ್ಕೆ ಹೊಸ ಸುದ್ದಿ ಇಲ್ಲದಿದ್ದರೂ ಫೋನು ಮಾಡು. ಸುಬ್ರಹ್ಮಣ್ಯ ರೋಡ್ ದಾಟಿದರೆ ಸಕಲೇಶಪುರದವರೆಗೆ 57 ಸುರಂಗ, ನೆಟ್‌ವರ್ಕಿನ ಪಾಡು ನಿನಗೇ ಗೊತ್ತು. ಈ ಸಾಲುಗಳನ್ನು ಮೊಬೈಲಿನಲ್ಲಿ ಮೊದಲೇ ಬರೆದಿಡು. ಸಿಗ್ನಲ್ ಸಿಕ್ಕ ಕೂಡಲೇ ಕಳಿಸಬಹುದು.

ಇನ್ನು ಮೀಟಿಂಗು ಬದಲಿಸುವ ಮಾತು. ‘ಕ್ಯಾನ್ ವಿ ಮೂವ್ ಇಟ್ ಟು ತ್ರೀ?’ ಅಂತ ಕೇಳಿದೆ ಅನ್ನು. ಮೂರು ಗಂಟೆ ಯಾರದ್ದು? ಲಂಡನ್ ಅವರ ಬೇಸಿಗೆಯಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಹಿಂದೆ ತಿರುಗಿಸಿದ ಮೇಲೆ ಐದೂವರೆ. ಅದಕ್ಕೆ ‘ತ್ರೀ, ಇಂಡಿಯಾ ಟೈಮ್’ ಅಂತ ಸೇರಿಸಿಯೇ ಕೇಳು. ಒಪ್ಪಿದರೆ ಇನ್ನೊಮ್ಮೆ ನೀನೇ ಹೇಳು: ‘ಸೋ, ಟುಡೇ, ತ್ರೀ, ಇಂಡಿಯಾ ಟೈಮ್. ರೈಟ್?’ ಫಿಫ್ಟೀನೋ ಫಿಫ್ಟಿಯೋ ಕೇಳಿಸದಿದ್ದರೆ ನಾಚಿಕೆ ಏಕೆ, ‘ವನ್ ಫೈವ್ ಆರ್ ಫೈವ್ ಝೀರೋ?’ ಅಂತ ಕೇಳಿಬಿಡು. ಅವರೂ ಹಾಗೇ ಕೇಳುತ್ತಾರೆ.

ಒಂದು ಕಡೆ ಮಾತ್ರ ಹುಷಾರು. ಅವರು ‘ವುಡ್ ಯು ಮೈಂಡ್ ಇಫ್ ವಿ ಮೂವ್ ಇಟ್?’ ಅಂತ ಕೇಳಿದಾಗ ಅಭ್ಯಾಸಬಲದಿಂದ ‘ಯಸ್ ಯಸ್’ ಅಂದೀಯ. ಅವರು ಕೇಳಿದ್ದು ‘ಬದಲಿಸಿದರೆ ನಿನಗೆ ತೊಂದರೆಯಾ?’ ಅಂತ, ಹಾಗಾಗಿ ನಿನಗೆ ಆಗುವುದಿಲ್ಲವೇನೋ ಅಂದುಕೊಳ್ಳುತ್ತಾರೆ. ‘ದಟ್ಸ್ ಫೈನ್’ ಅಂದರೆ ಎಲ್ಲ ಕಡೆಗೂ ನಡೆಯುತ್ತದೆ.

ಇದನ್ನೆಲ್ಲ ಬರೀ ಓದಿ ಇಟ್ಟರೆ ಆಗಲ್ಲ, ಜೋರಾಗಿ ಹೇಳಬೇಕು. ಶನಿವಾರ ಊಟ ಆದ ಮೇಲೆ ಫೋನು ಮಾಡು. ನಾನೇ ಲಂಡನ್ನಿನ ಮ್ಯಾನೇಜರ್ ಆಗುತ್ತೇನೆ, ನೀನು ಮೀಟಿಂಗು ಮುಂದೆ ಹಾಕಿಸು. ನಾನು ಸುಲಭಕ್ಕೆ ಒಪ್ಪುವವನಲ್ಲ, ತಯಾರಾಗಿಯೇ ಬಾ.

ನಿನ್ನ,
ಸುಧಾಕರ