ಅರ್ಜಿ ಹಾಕಲು ಸಂಕೋಚ ಬೇಡ

ಕುಂಜಿಬೆಟ್ಟು, ಉಡುಪಿ

ಚಿ. ಸೌಮ್ಯಳಿಗೆ ಮಾವನ ಆಶೀರ್ವಾದಗಳು.

ಮಂಗಳೂರಿನ ನರ್ಸಿಂಗ್ ಓದು ಅರ್ಧಕ್ಕೆ ಬಿಟ್ಟು, ಪೊಲೀಸ್ ಕೆಲಸದಲ್ಲಿರುವಾಗಲೇ ತೀರಿಹೋದ ನಿನ್ನಪ್ಪನ ಲೆಕ್ಕದಲ್ಲಿ ಮನೆಯವರಿಗೆ ಸಿಗುವ ಅನುಕಂಪದ ಕೆಲಸಕ್ಕೆ ಸೇರುತ್ತೇನೆ ಎಂದೆಯಂತೆ. ಅಕ್ಕ ಫೋನಿನಲ್ಲಿ ಅತ್ತಳು. ಫೀಸಿನ ಚಿಂತೆಯಿಂದ ನೀನು ಹಾಗೆ ಹೇಳಿದ್ದೆಂದು ನನಗೆ ಗೊತ್ತು. ಪೊಲೀಸ್ ಕಚೇರಿಯಲ್ಲಿ ಇಂಥ ಕಡತಗಳ ನಡುವೆಯೇ ನಿವೃತ್ತನಾದವನು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಮೊಬೈಲಿನಲ್ಲಿ ನೋಡಿದ್ದು ಪ್ರಧಾನಮಂತ್ರಿ ವಿದ್ಯಾರ್ಥಿವೇತನ. 2019ರಲ್ಲಿ ಅದನ್ನು ರಾಜ್ಯ ಪೊಲೀಸರ ಮಕ್ಕಳಿಗೂ ವಿಸ್ತರಿಸಿದರು. ಹುಡುಗಿಯರಿಗೆ ತಿಂಗಳಿಗೆ 3000, ಹುಡುಗರಿಗೆ 2500 ರೂಪಾಯಿ. ಆದರೆ ಅದು ಭಯೋತ್ಪಾದಕರ ಅಥವಾ ನಕ್ಸಲರ ದಾಳಿಯಲ್ಲಿ ಹುತಾತ್ಮರಾದವರ ಮಕ್ಕಳಿಗೆ ಮಾತ್ರ, ಇಡೀ ದೇಶದಲ್ಲಿ ವರ್ಷಕ್ಕೆ 500 ಮಂದಿಗೆ. ಭಾವ ಹೋದದ್ದು ಪಡುಬಿದ್ರಿ ಹತ್ತಿರ, ರಾತ್ರಿ ವಾಹನ ತಪಾಸಣೆಯಲ್ಲಿ ನಿಂತಿದ್ದಾಗ ಲಾರಿ ಬಡಿದು. ಈ ಭೇದ ನನಗೆ ಒಪ್ಪಿಗೆಯಿಲ್ಲ. ಕಾರ್ಕಳದ ಕಾಡಿನಲ್ಲಿ ನಕ್ಸಲರ ಗುಂಡಿಗೆ ಬಿದ್ದರೂ ಹೆದ್ದಾರಿಯಲ್ಲಿ ಬಿದ್ದರೂ ಮಕ್ಕಳ ಫೀಸು ಕಟ್ಟುವವರು ಇಲ್ಲವಾದದ್ದು ಒಂದೇ. ಆದರೂ ಅದರ ಹಿಂದೆ ಹೋಗಿ ಸಮಯ ಕಳೆಯಬೇಡ.

ಇಲಾಖೆಯ ಕಲ್ಯಾಣ ನಿಧಿಯಿಂದ ಮಕ್ಕಳ ಓದಿಗೆ ನೆರವು ಉಂಟು, ಅದನ್ನು ಕೇಳು. ಎಸ್ಪಿ ಕಚೇರಿಯಲ್ಲಿ ಕೈಯೊಡ್ಡಲು ನಾಚಿಕೆ ಎಂದೆಯಂತೆ. ಏಪ್ರಿಲ್ 2ರ ಪೊಲೀಸ್ ಧ್ವಜ ದಿನ ನೆನಪುಂಟಾ? ಸಿಟಿ ಬಸ್ ಸ್ಟ್ಯಾಂಡಿನ ಅಂಗಡಿಗಳಿಗೆ ಹೋಗಿ ನಿನ್ನಪ್ಪ ಧ್ವಜ ಮಾರುತ್ತಿದ್ದರು. ಬಿಸಿಲಿಗೆ ಯೂನಿಫಾರ್ಮಿನ ಬೆನ್ನೆಲ್ಲ ಒದ್ದೆ. ಸಂಜೆ ನನ್ನ ಮೇಜಿನ ಮೇಲೆ ಹತ್ತರ ನೋಟುಗಳನ್ನು ನೆಟ್ಟಗೆ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ, ಲೆಕ್ಕ ಒಪ್ಪಿಸುತ್ತಿದ್ದರು. ಪೊಲೀಸರ ಮನೆಯವರ ಕಲ್ಯಾಣಕ್ಕೆಂದೇ ಇದ್ದ ಹಣ ಅದು. ಅವರು ಯಾರದೋ ಮಕ್ಕಳಿಗಾಗಿ ಬೆವರು ಸುರಿಸಿದ್ದಾರೆ. ಅವರ ಮಗಳು ಕೇಳುವುದು ಭಿಕ್ಷೆ ಹೇಗಾಗುತ್ತದೆ ಹೇಳು?

ಇನ್ನು ಕೆಲಸ. 1996ರ ಅನುಕಂಪದ ನೇಮಕಾತಿ ನಿಯಮದಲ್ಲಿ ಹೆಂಡತಿಗೂ ಅವಕಾಶವುಂಟು. ಅಕ್ಕ ಪಿಯುಸಿ ಪಾಸಾದವಳು, ಅವಳೇ ಅರ್ಜಿ ಹಾಕಲಿ. ತೀರಿಹೋದ ದಿನದಿಂದ ಒಂದು ವರ್ಷದೊಳಗೆ ಹಾಕಲೇಬೇಕು. ಆಮೇಲೆ ಎಷ್ಟು ಓಡಾಡಿದರೂ ಕಷ್ಟ.

ಮರಣ ಪ್ರಮಾಣಪತ್ರ, ಎಫ್‌ಐಆರ್ ಪ್ರತಿ, ವ್ಯಾಸಂಗ ಪ್ರಮಾಣಪತ್ರ, ಫೀಸಿನ ರಶೀದಿ ಎಲ್ಲ ಜೋಡಿಸಿಡು. ಆಧಾರಿನಲ್ಲೂ ಅಪ್ಪನ ಸೇವಾ ಪುಸ್ತಕದಲ್ಲೂ ನಿಮ್ಮ ಹೆಸರು ಒಂದೇ ರೀತಿ ಇದೆಯಾ ನೋಡು. ಇನಿಷಿಯಲ್ ಹೊಂದದೆ ತಿಂಗಳುಗಟ್ಟಲೆ ಕೂತ ಕಡತಗಳನ್ನು ನಾನು ಕಂಡಿದ್ದೇನೆ. ಸ್ವೀಕೃತಿಯ ಸೀಲು ಹಾಕಿಸದೆ ಹೊರಗೆ ಬರಬೇಡ.

ಸೋಮವಾರ ಅಕ್ಕನನ್ನು ಕರೆದುಕೊಂಡು ಬಾ, ನಾನೂ ಜೊತೆಗೆ ಬರುತ್ತೇನೆ. ಅಲ್ಲಿಯವರೆಗೆ ಕಾಲೇಜಿನಲ್ಲಿ ಟಿಸಿ ಕೇಳಬೇಡ.

ನಿನ್ನ ಮಾವ